ಎದುರಿಗೆ ಕೂತವರ ಅಕ್ಷರ

ಇನ್ಸ್‌ಪೆಕ್ಟರು ಮಧ್ಯಾಹ್ನ ಬಂದೇ ಬರುತ್ತಾರೆ ಎಂದು ಗೊತ್ತಾದ ಮೇಲೆ ಪುಟ್ಟತಾಯಮ್ಮನಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ತಲೆನೋವು ಶುರುವಾದದ್ದು ಬಹುಶಃ ಅದಕ್ಕೇ. ಚಾವಡಿಗೆ ಅಂಟಿಕೊಂಡ ಈ ಕೋಣೆಯನ್ನು ಹುಡುಗಿಯರು ನಿನ್ನೆಯೇ ಸಗಣಿ ಹಾಕಿ ಸಾರಿಸಿದ್ದರು. ತಾನೇ ನಿಂತು ಒಬ್ಬೊಬ್ಬಳ ತಲೆಗೂ ಎಣ್ಣೆ ಹಾಕಿ ಹುಬ್ಬು ಮೇಲಕ್ಕೇರುವಷ್ಟು ಬಿಗಿಯಾಗಿ ಜಡೆ ಹೆಣೆದಿದ್ದಳು. ಬಾಗಿಲಲ್ಲಿ ನಿಂತರೆ ಲೋಕಪಾವನಿ ಹೊಳೆಯ ಆಚೆ ಕರಿಘಟ್ಟದ ಬೆಟ್ಟ. ಅದರ ಬುಡದ ದಾರಿಯಲ್ಲಿ ಪಟ್ಟಣದಿಂದ ಜಟಕಾ ಬರಬೇಕು. ಬಂದು, ಎರಡನೆಯ ತರಗತಿಯ ಹುಡುಗಿಯರಿಗೆ ಓದು ಬರುವುದಿಲ್ಲ ಎಂದು ಕಂಡುಬಂದರೆ ಈ ಕೋಣೆಗೆ ಬೀಗ. ಹುಡುಗಿಯರನ್ನು ಕೆರೆ ಏರಿಯ ಆಚೆ ಚಲುವಯ್ಯನ ಗಂಡುಮಕ್ಕಳ ಶಾಲೆಗೆ ಸೇರಿಸುತ್ತಾರೆ. ಸೇರಿಸುವುದು ಎಂದು ಕಾಗದದಲ್ಲಿ ಬರೆಯಬಹುದು, ಊರಿನಲ್ಲಿ ಒಂದು ಮನೆಯೂ ಹೆಣ್ಣುಮಗುವನ್ನು ಆ ಏರಿ ದಾಟಿಸುವುದಿಲ್ಲ. ಅದು ಇನ್ಸ್‌ಪೆಕ್ಟರಿಗೂ ಗೊತ್ತು, ಚಲುವಯ್ಯನಿಗೂ ಗೊತ್ತು. ಆದರೆ ಪುಟ್ಟತಾಯಮ್ಮನಿಗೆ ಭಯವಿರಲಿಲ್ಲ. ಅವಳ ಹುಡುಗಿಯರು ಓದುತ್ತಿದ್ದರು. ಬಾಯಿಪಾಠವಲ್ಲ, ಓದು. ಮೊದಲು ಅವಳು ಪಾಠ ಹೇಳುತ್ತಿದ್ದ ಕೃಷ್ಣರಾಜಪೇಟೆಯ ಹಳ್ಳಿಯಲ್ಲಿ ಆದದ್ದು ಇಲ್ಲಿ ಆಗುವುದಿಲ್ಲ. ಅಲ್ಲಿ ಬೇರೊಬ್ಬ ಇನ್ಸ್‌ಪೆಕ್ಟರು ಸುಮ್ಮನೆ ಎರಡು ಹಾಳೆ ಮಗುಚಿ ಓದು ಎಂದಾಗ ಮಗು ಹಳೆಯ ಹಾಳೆಯ ಪಾಠವನ್ನೇ ರಾಗವಾಗಿ ಹೇಳುತ್ತ ಹೋಗಿತ್ತು, ಬೆರಳು ಮಾತ್ರ ಹೊಸ ಹಾಳೆಯ ಮೇಲೆ ಶ್ರದ್ಧೆಯಿಂದ ಹರಿದಾಡುತ್ತಿತ್ತು. ಬಂದಿದ್ದ ಗಂಡಸರೆಲ್ಲ ನಕ್ಕರು. ಪುಟ್ಟತಾಯಮ್ಮನೂ ನಕ್ಕಳು, ಯಾಕೆ ನಕ್ಕೆ ಎಂದು ಇವತ್ತಿಗೂ ಅವಳಿಗೆ ತಿಳಿಯದು. ಮರುದಿನ ಆ ಶಾಲೆ ಇರಲಿಲ್ಲ.

ಅಲ್ಲಿಂದ ಬಂದವಳು ಬಾಯಿಪಾಠವನ್ನು ಹಾವು ಕಂಡಂತೆ ಕಂಡಳು. ಇಲ್ಲಿ ಅವಳ ಕ್ರಮವೇ ಬೇರೆ. ಬೆಳಗ್ಗೆ ಒಂದು ಕತೆ. ರಾಜ, ಸಿಂಹ, ಬ್ರಾಹ್ಮಣ ಇವರು ಯಾರೂ ಬೇಡ. ಹೊಳೆ ದಾಟಲು ಒಪ್ಪದ ಎಮ್ಮೆಯ ಕತೆ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಯಲ್ಲಿ ಕೂತು ಹೋದ ಇಲಿಯ ಕತೆ. ಕತೆ ರುಚಿಗೆ ಬಂದ ಕಡೆ ನಿಲ್ಲಿಸಿಬಿಡುವುದು, ಮುಂದಿನದನ್ನು ಮರಳಿನ ಮೇಲೆ ಬರೆಯುವುದು, ಬೇಕಾದರೆ ಓದಿಕೊಳ್ಳಿ ಎನ್ನುವುದು. ಎಮ್ಮೆ ಮುಳುಗಿತೋ ಇಲ್ಲವೋ ತಿಳಿಯಬೇಕಾದರೆ ಅಕ್ಷರ ಕಲಿಯದೆ ಗತಿಯಿಲ್ಲ. ಚಲುವಯ್ಯ ಇದನ್ನು ಅಜ್ಜಿಕತೆ ಇಸ್ಕೂಲು ಎಂದು ಕರೆಯುತ್ತಿದ್ದ. ಕರೆಯಲಿ. ಅವನ ಶಾಲೆಗೆ ಸರ್ಕಾರ ಕಪ್ಪು ಹಲಗೆ ಕೊಟ್ಟಿತ್ತು, ಇವಳಿಗೆ ಕೊಟ್ಟಿರಲಿಲ್ಲ. ಸ್ಲೇಟು ತಂದುಕೊಡಿ ಎಂದರೆ ಮನೆಯವರು ಹೆಣ್ಣಿಗೆ ಸ್ಲೇಟು ಯಾಕೆ ಎಂದು ಹಲ್ಲು ಕಿರಿಯುತ್ತಿದ್ದರು. ಆದ್ದರಿಂದ ಹೊಳೆಯ ಮರಳು. ತನ್ನ ಮುಂದೆ ಮರಳು ಹರಡಿ ಅದರಲ್ಲಿ ಇವಳು ಅಕ್ಷರ ಬರೆಯುವಳು, ಎದುರಿಗೆ ಸಾಲಾಗಿ ಕೂತ ಹುಡುಗಿಯರು ಒಬ್ಬೊಬ್ಬರಾಗಿ ಬಗ್ಗಿ ಅದರ ಮೇಲೆಯೇ ಬೆರಳಿನಿಂದ ತಿದ್ದುವರು. ಇದ್ದ ಒಂದೇ ಒಂದು ಪಾಠದ ಪುಸ್ತಕವನ್ನು, ಕನ್ನಡ ವಾಚಕವನ್ನು, ಅಪ್ಪನ ಕಾಲದ ವ್ಯಾಸಪೀಠದ ಮೇಲೆ ತೆರೆದಿಡುವಳು. ನಾಗಮಂಗಲದ ಮನೆಯಲ್ಲಿ ಅಪ್ಪ ಸಂಜೆ ಪುಸ್ತಕ ಓದಲು ಕೂತರೆ ಕೈಕಾಲು ತೊಳೆಯದೆ ಯಾರೂ ಆ ಮರದ ಪೀಠದ ಹತ್ತಿರ ಸುಳಿಯುವಂತಿರಲಿಲ್ಲ. ಪುಸ್ತಕ ನೆಲ ಮುಟ್ಟಬಾರದು, ಕೊಳಕು ಕೈ ಪುಸ್ತಕ ಮುಟ್ಟಬಾರದು. ಮೈಸೂರಿನ ಟ್ರೈನಿಂಗು ಅವಳಿಂದ ಎಷ್ಟೋ ನಂಬಿಕೆಗಳನ್ನು ಕಿತ್ತುಹಾಕಿತ್ತು, ಇದೊಂದನ್ನು ಕಿತ್ತಿರಲಿಲ್ಲ. ಹುಡುಗಿಯರ ಕೈಯಲ್ಲಿ ಸಗಣಿ, ರಾಗಿ ಹಿಟ್ಟು, ತಮ್ಮಂದಿರ ಮೂಗಿನ ಸಿಂಬಳ. ಹಾಗಾಗಿ ಪುಸ್ತಕ ಅವಳ ಕಡೆ, ಹುಡುಗಿಯರು ಎದುರು ಕಡೆ. ತಾನು ಕಡ್ಡಿ ಹಿಡಿದು ತೋರಿಸುವುದು, ಅವರು ಬಗ್ಗಿ ನೋಡಿ ಓದುವುದು. ಎರಡು ವರ್ಷ ಹೀಗೆ ನಡೆದು ಓದು ಬಂದಿತ್ತು. ಅವಳಿಗೆ ಹೆಮ್ಮೆಯಿತ್ತು, ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸವೂ ಇತ್ತು.

ತಲೆನೋವು ಕಣ್ಣಿಗೆ ಇಳಿದಾಗ ಅವಳು ಗೋಡೆಗೆ ಒರಗಿ, ‘ಬೈರಿ, ಇವತ್ತು ನೀನೇ ಮೇಷ್ಟ್ರಮ್ಮ. ಇಲ್ಲಿ ಬಂದು ಕೂತುಕೊಂಡು ಇವರಿಗೆ ಒಂದು ಪಾಠ ಓದಿ ಹೇಳು’ ಎಂದಳು. ಬೈರಮ್ಮ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ. ಅವಳ ತಾಯಿ ಬೆಟ್ಟಮ್ಮ ಗಂಡನಿಲ್ಲದ ಒಕ್ಕಲುತನವನ್ನು ಒಬ್ಬಳೇ ಎಳೆಯುತ್ತಿದ್ದರೂ ಮಗಳನ್ನು ದಿನವೂ ಕಳಿಸುತ್ತಿದ್ದಳು. ಬೈರಿ ಲಂಗ ಕೊಡವಿಕೊಂಡು ಪೀಠದ ಹಿಂದೆ ಬಂದು ಕೂತಳು. ಪುಸ್ತಕ ನೋಡಿದಳು. ಸುಮ್ಮನಿದ್ದಳು. ಪುಟ್ಟತಾಯಮ್ಮ ಕಣ್ಣು ಮುಚ್ಚಿದ್ದಳು, ನಾಚಿಕೆ ಇರಬೇಕು ಅಂದುಕೊಂಡಳು. ಓದು ಎಂದಳು. ಹುಡುಗಿ ಎದ್ದಳು, ಪೀಠವನ್ನು ಸುತ್ತುಹಾಕಿ ತನ್ನ ಹಳೆಯ ಜಾಗಕ್ಕೆ ಹೋಗಿ ಕೂತು, ಬಗ್ಗಿ, ನೀರು ಕುಡಿದಷ್ಟು ಸಲೀಸಾಗಿ ಓದತೊಡಗಿದಳು.

‘ಅಲ್ಲಿಂದ ಯಾಕೆ ಓದ್ತೀಯೆ, ಇಲ್ಲಿ ಕೂತು ಓದು ಅಂದೆನಲ್ಲ.’

‘ಆ ಕಡೀಕೆ ನಿಮ್ ಅಕ್ಸರ ಅಲ್ವ್ರಾ ಮೇಸ್ಟ್ರಮ್ಮ’ ಎಂದಳು ಬೈರಿ, ಇಷ್ಟೂ ತಿಳಿಯದೆ ಎನ್ನುವಂತೆ. ‘ನಮ್ವು ಈ ಕಡೀಕವೆ.’

ಪಕ್ಕದಲ್ಲಿದ್ದ ಚಿಕ್ಕಬೋರಮ್ಮ ತಲೆಯಾಡಿಸಿದಳು. ಯಾರೂ ನಗಲಿಲ್ಲ. ಅವರ ಪಾಲಿಗೆ ಇದರಲ್ಲಿ ನಗುವಂಥದ್ದು ಇರಲಿಲ್ಲ. ದೊಡ್ಡವರಿಗೆ ಬೇರೆ ತಟ್ಟೆ, ಮಕ್ಕಳಿಗೆ ಬೇರೆ ತಟ್ಟೆ. ಹಾಗೆಯೇ ಪುಸ್ತಕದಲ್ಲಿ ದೊಡ್ಡವರ ಅಕ್ಷರ ಒಂದು ಕಡೆಯಿಂದ, ಮಕ್ಕಳ ಅಕ್ಷರ ಇನ್ನೊಂದು ಕಡೆಯಿಂದ.

ಪುಟ್ಟತಾಯಮ್ಮ ಎಲ್ಲರನ್ನೂ ಒಬ್ಬೊಬ್ಬರಾಗಿ ತನ್ನ ಜಾಗದಲ್ಲಿ ಕೂರಿಸಿ ನೋಡಿದಳು. ಎಲ್ಲರೂ ಕುರುಡರಾದರು. ಎದುರಿಗೆ ಹೋದ ಕೂಡಲೇ ಎಲ್ಲರಿಗೂ ಕಣ್ಣು ಬಂತು. ಕೆಳಗಿನ ಸಾಲಿನಿಂದ ಮೇಲಕ್ಕೆ, ಬಲಗಡೆಯಿಂದ ಎಡಕ್ಕೆ ಬೆರಳು ಸರಸರನೆ ಹೋಗುತ್ತಿತ್ತು. ಮರಳು ಹರಡಿ ನಿಮ್ಮ ನಿಮ್ಮ ಹೆಸರು ಬರೆಯಿರಿ ಎಂದಳು. ಬರೆದರು. ತನ್ನ ಕಡೆಯಿಂದ ನೋಡಿದರೆ ಎಲ್ಲವೂ ಮುದ್ದಾಗಿ, ನೆಟ್ಟಗೆ, ತಲೆಕಟ್ಟಿನ ಸಮೇತ ಕಾಣುತ್ತಿತ್ತು. ತನ್ನ ಕಡೆಯಿಂದ. ಎರಡು ವರ್ಷ ಅವಳು ನೋಡಿದ್ದೇ ತನ್ನ ಕಡೆಯಿಂದ. ಒಂದು ದಿನ, ಒಂದೇ ಒಂದು ದಿನ ಎದ್ದು ಆಚೆ ಹೋಗಿ ಒಬ್ಬ ಹುಡುಗಿಯ ಪಕ್ಕದಲ್ಲಿ ಕೂತಿದ್ದರೆ ಸಾಕಾಗಿತ್ತು, ಕೂತಿರಲಿಲ್ಲ. ಕೂರುವುದಕ್ಕೆ ಏನು ಅಡ್ಡಿಯಿತ್ತು? ಅವಳಿಗೆ ಹೋದ ಯುಗಾದಿಯ ನೆನಪು ಬಂತು. ಬೆಟ್ಟಮ್ಮ ಮಗಳನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗಿ ಬಂದ ಮರುದಿನ ಬೈರಿ, ಪ್ಯಾಟೇಲಿ ಅಂಗಡಿಯೋರು ಬೋರ್ಡ ತಲೆಕೆಳಗಾಗಿ ಹೊಡ್ದವ್ರೆ ಮೇಸ್ಟ್ರಮ್ಮ, ಯಾರೂ ಹೇಳೇ ಇಲ್ಲ ಅವ್ರಿಗೆ, ಎಂದಿದ್ದಳು. ಎಂಥ ಕಲ್ಪನೆ ಈ ಮಗುವಿಗೆ ಎಂದು ಪುಟ್ಟತಾಯಮ್ಮ ಖುಷಿಪಟ್ಟು, ಅದರಿಂದಲೇ ಒಂದು ಕತೆ ಕಟ್ಟಿದ್ದಳು: ಬೋರ್ಡನ್ನು ತಲೆಕೆಳಗಾಗಿ ಹೊಡೆದ ಶೆಟ್ಟಿ, ಅದನ್ನು ಓದಲು ಅಂಗಡಿಯ ಮುಂದೆ ತಲೆಕೆಳಗಾಗಿ ನಿಂತ ಊರಿನ ಜನ. ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದರು. ಬೈರಿ ನಗದೆ ಕೂತಿದ್ದಳು ಎಂಬುದು ಈಗ ನೆನಪಾಯಿತು. ಮಗು ತಾನು ಕಣ್ಣಾರೆ ಕಂಡದ್ದನ್ನು ಬಂದು ಹೇಳಿತ್ತು, ಇವಳು ಅದನ್ನು ಕತೆ ಮಾಡಿ ಊರಿಗೆಲ್ಲ ಹಂಚಿದ್ದಳು. ಮಕ್ಕಳ ಮನಸ್ಸು ನನಗೆ ಗೊತ್ತು ಎಂದು ಟ್ರೈನಿಂಗಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವಳು ಇವಳೇ.

ಪುಸ್ತಕವನ್ನು ಕೊಳಕು ಕೈಯಿಂದ ಕಾಪಾಡಬೇಕಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ಮನಸ್ಸಿನಲ್ಲಿ ನಿಲ್ಲಲಿಲ್ಲ. ಕೈ ತೊಳೆಸಬಹುದಿತ್ತಲ್ಲ, ಹೊಳೆಯೇನು ಬತ್ತಿರಲಿಲ್ಲ. ನಿಜ ಬೇರೆಯಿತ್ತು. ಗಂಡ ಸತ್ತ ಮೇಲೆ ಮಾವನ ಮನೆಯಲ್ಲಿ ಅವಳು ಎಲ್ಲರ ಎದುರು ಕೂತವಳಲ್ಲ, ಬಾಗಿಲ ಸಂದಿಯಲ್ಲಿ ನಿಂತವಳು. ಇಲ್ಲಿ ಪೀಠದ ಹಿಂದೆ ಪುಸ್ತಕವನ್ನು ತನ್ನ ಕಡೆಗೆ ತೆರೆದಿಟ್ಟುಕೊಂಡು ಕೂತಾಗ ಎಲ್ಲರ ಕಣ್ಣೂ ತನ್ನತ್ತ ಇರುತ್ತಿತ್ತು. ಅದು ಅವಳಿಗೆ ಬೇಕಾಗಿತ್ತು. ಆ ಪುಟ್ಟ ಸುಖವನ್ನು ಅವಳು ಯಾರಿಗೂ, ಒಂದು ಮಗುವಿಗೂ, ಹಂಚಿಕೊಡಲು ತಯಾರಿರಲಿಲ್ಲ.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಬೈರಿಯನ್ನು ತನ್ನ ಕಡೆ ಕೂರಿಸಿಕೊಂಡು ಮೊದಲನೆಯ ಅಕ್ಷರದಿಂದ ಹಿಡಿದಳು. ಹುಡುಗಿ ಕತ್ತು ಹೊರಳಿಸಿದಳು, ಕಣ್ಣು ಕಿರಿದು ಮಾಡಿದಳು, ಒಂದನ್ನು ಹಿಡಿದರೆ ಇನ್ನೊಂದು ಜಾರಿತು. ಪುಟ್ಟತಾಯಮ್ಮನ ದನಿ ಏರಿತು. ‘ಬರೋದನ್ನೂ ಮರ್ತೋಗ್ಬುಡ್ತೀನಿ ಮೇಸ್ಟ್ರಮ್ಮ, ಬ್ಯಾಡಿ’ ಎಂದು ಬೈರಿ ಅತ್ತಳು. ಆ ಮಾತು ಸರಿಯಾಗಿತ್ತು. ಒಂದು ಬೆಳಗ್ಗೆಯಲ್ಲಿ ತಿರುಗಿಸಲು ಹೋದರೆ ಇದೂ ಇಲ್ಲ ಅದೂ ಇಲ್ಲ ಆಗುತ್ತದೆ. ಅವಳು ಸೆರಗಿನಿಂದ ಹುಡುಗಿಯ ಮುಖ ಒರೆಸಿದಳು.

ಇನ್ಸ್‌ಪೆಕ್ಟರಿಗೆಂದು ಕುರ್ಚಿ ಹೊರಿಸಿಕೊಂಡು ಚಲುವಯ್ಯ ಬಂದದ್ದು ಆಗ. ಅಳುವ ಹುಡುಗಿಯನ್ನು ನೋಡಿ, ‘ಏನ್ ಮೇಸ್ಟ್ರಮ್ಮ, ಕತೇಲಿ ಯಾರಾರ ಸತ್ತೋದ್ರಾ?’ ಎಂದು ಕೇಳಿದ. ಕೆಟ್ಟವನಲ್ಲ, ಆದರೆ ಇನ್ನೊಬ್ಬರ ಸೋಲನ್ನು ಮೊದಲೇ ಮೂಸಿ ನೋಡುವ ಮೂಗು ಅವನದು. ಅವಳು ಏನೂ ಹೇಳದಿದ್ದರೂ ಪೀಠ, ಪುಸ್ತಕ, ಹುಡುಗಿಯರು ಅದಲುಬದಲಾಗಿ ಕೂತ ರೀತಿ ಎಲ್ಲ ನೋಡಿ, ಚಿಕ್ಕಬೋರಮ್ಮನನ್ನು ಎರಡು ಮಾತು ಕೇಳಿ, ವಿಷಯ ತಿಳಿದುಕೊಂಡುಬಿಟ್ಟ. ನಗು ತಡೆಯಲು ಟವೆಲ್ಲು ಬಾಯಿಗೆ ಒತ್ತಿಕೊಂಡ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ: ‘ಈಗೇನಾಯ್ತು ಬುಡಿ. ಸಾಯೇಬ್ರನ್ನ ನಿಮ್ಮ ಜಾಗದಲ್ಲೇ ಕೂರಿಸ್ಬುಡಿ. ನಿಮ್ಮ ಪುಸ್ತಕ ಮಡಗಿ, ಹುಡುಗೀರ್ನ ಎದುರುಗಡೆ ಕೂರ್ಸಿ ಓದಿಸಿ. ಅವರ್ಗೆ ಹೆಂಗ್ ಗೊತ್ತಾದದು? ಊಟ ಮಾಡಿ ಬಂದಿರ್ತಾರೆ, ರುಜು ಹಾಕ್ಬುಟ್ಟು ಹೋಯ್ತಾರೆ.’

ಅವನು ಹೇಳುವ ಮೊದಲೇ ಅದು ಅವಳಿಗೆ ಹೊಳೆದಿತ್ತು. ಅದಕ್ಕೇ ಸಿಟ್ಟು ಬಂತು. ಉಪಾಯ ಚೆನ್ನಾಗಿಯೇ ಇತ್ತು, ತರಗತಿ ಉಳಿಯುತ್ತಿತ್ತು. ಆದರೆ ಅವನ ಬಾಯಿಂದ ಕೇಳಿದಾಗ ಅದರ ಇನ್ನೊಂದು ಮುಖ ಕಂಡಿತು: ಇವತ್ತು ಬಚ್ಚಿಟ್ಟರೆ ನಾಳೆಯೂ ಬಚ್ಚಿಡಬೇಕು, ಕೊನೆಗೆ ಈ ಹುಡುಗಿಯರು ಅಂಗಡಿಯ ಬೋರ್ಡುಗಳೆಲ್ಲ ತಲೆಕೆಳಗಾಗಿವೆ ಎಂದುಕೊಂಡೇ ಮದುವೆಯಾಗಿ ಹೋಗುತ್ತಾರೆ, ಓದು ಬರುತ್ತಿತ್ತು ಎಂದು ಹೇಳಿದರೆ ಗಂಡಂದಿರು ನಗುತ್ತಾರೆ, ಇವರೂ ಅವರ ಜೊತೆ ಸೇರಿ ನಗುತ್ತಾರೆ. ಕೃಷ್ಣರಾಜಪೇಟೆಯಲ್ಲಿ ತಾನು ನಕ್ಕ ಹಾಗೆ. ಸಾಕು ಎನ್ನಿಸಿತು. ‘ಅವರು ಹೇಗೆ ಓದ್ತಾರೋ ಹಾಗೇ ಓದ್ತಾರೆ’ ಎಂದಳು. ‘ಬಚ್ಚಿಡೋಕೆ ಅವರೇನು ಕದ್ದಿದ್ದಾರಾ.’ ಚಲುವಯ್ಯ ಭುಜ ಹಾರಿಸಿದ. ನಿಮ್ಮಿಷ್ಟ ಕಣಮ್ಮ, ಕೋಣೆ ಖಾಲಿಯಾದ್ರೆ ನಮ್ಗೂ ಒಂದ್ ಜಾಗ ಆಯ್ತದೆ, ಎಂದ. ತಮಾಷೆಗೆ ಹೇಳಿದ್ದಲ್ಲ.

ಇನ್ಸ್‌ಪೆಕ್ಟರು ಬಂದಾಗ ಬಿಸಿಲು ಬಾಗಿಲೊಳಗೆ ಬಂದಿತ್ತು. ಅಚ್ಚುಕಟ್ಟಾದ ರುಮಾಲು, ದಣಿದ ಮುಖ, ಊಟದ ಮಂಪರು. ದಿನಕ್ಕೊಂದು ಹಳ್ಳಿಯಲ್ಲಿ ಅದೇ ರಾಗದ ಬಾಯಿಪಾಠ ಕೇಳಿ ಕೇಳಿ ಕಿವಿ ಕೆಟ್ಟ ಮನುಷ್ಯ ಎಂದು ನೋಡಿದರೇ ತಿಳಿಯುತ್ತಿತ್ತು. ಅವರು ವ್ಯಾಸಪೀಠದ ಕಡೆ ತಿರುಗಿಯೂ ನೋಡಲಿಲ್ಲ. ‘ನಿಮ್ಮ ಪುಸ್ತಕ ಬೇಡಮ್ಮ. ಅದು ಇವರಿಗೆಲ್ಲ ಬಾಯಿಗೆ ಬಂದಿರುತ್ತೆ’ ಎಂದು ಚೀಲದಿಂದ ಒಂದು ಸಣ್ಣ ಪುಸ್ತಿಕೆ ತೆಗೆದರು. ರೇಷ್ಮೆ ಹುಳುವಿನ ರೋಗಗಳ ಬಗ್ಗೆ ಸರ್ಕಾರದವರು ಅಚ್ಚು ಹಾಕಿಸಿದ್ದು. ‘ಯಾರು ಓದ್ತೀರಿ? ನೀನು ಬಾ.’ ಬೈರಿ ಎದ್ದಳು. ಪುಸ್ತಿಕೆ ಅವಳ ಕೈಗೆ ಬಂತು. ಅವಳ ಕೈಗೆ ಪುಸ್ತಕವೆಂಬುದು ಬಂದದ್ದು ಅದೇ ಮೊದಲು. ಎರಡು ಅಂಗೈ ಮೇಲೆ ಇಟ್ಟುಕೊಂಡು, ಎಲ್ಲಿ ಹಿಡಿಯುವುದು ತಿಳಿಯದೆ, ಪುಟ್ಟತಾಯಮ್ಮನ ಮುಖ ನೋಡಿದಳು.

ಒಂದು ಗಳಿಗೆ ಪುಟ್ಟತಾಯಮ್ಮನಿಗೆ ಎಲ್ಲ ಬಿಟ್ಟು ಓಡಿಹೋಗೋಣ ಎನ್ನಿಸಿತು. ‘ನಿನ್ನ ಕಡೆಗೆ ತಿರುಗಿಸ್ಕೊ, ಬೈರಿ’ ಎಂದಳು.

ಹುಡುಗಿ ಪುಸ್ತಿಕೆಯನ್ನು ತಲೆಕೆಳಗು ಮಾಡಿ ಹಿಡಿದಳು. ಚಲುವಯ್ಯನ ಟವೆಲ್ಲು ಬಾಯಿಗೆ ಹೋಯಿತು, ಆದರೂ ನಗು ಹೊರಗೆ ಬಂತು. ಅವನ ಹಿಂದೆ ಚಾವಡಿಯಿಂದ ಬಂದು ನಿಂತ ಗಂಡಸರೂ ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ, ನಿಟ್ಟುಸಿರು ಬಿಟ್ಟರು. ‘ಪುಸ್ತಕ ಹಿಡಿಯೋದನ್ನೂ ಕಲಿಸಿಲ್ಲವೇನಮ್ಮ? ಸಾಕು, ಇಟ್ಟುಬಿಡು ಮಗು.’

‘ಓದು’ ಎಂದಳು ಪುಟ್ಟತಾಯಮ್ಮ. ಅವಳ ದನಿ ಅವಳಿಗೇ ಗುರುತು ಹತ್ತಲಿಲ್ಲ. ‘ಅವರು ನಗಲಿ. ನೀನು ಓದು.’

ಬೈರಿ ಬೆರಳನ್ನು ಹಾಳೆಯ ತಳದಲ್ಲಿ, ಬಲತುದಿಯಲ್ಲಿ ಇಟ್ಟಳು. ಹು-ಳು-ವಿ-ನ ಮನೆ-ಯಲ್ಲಿ ಗಾಳಿ ಬೆ-ಳಕು ಇರ-ಬೇಕು. ತಡವರಿಸಿದಳು, ಒತ್ತಕ್ಷರ ಬಂದಲ್ಲಿ ನಿಂತಳು, ಉಗುಳು ನುಂಗಿ ಮತ್ತೆ ಹಿಡಿದಳು. ಸತ್ತ ಹು-ಳು-ಗಳನ್ನು ಕೂ-ಡಲೇ ತೆ-ಗೆದು ಹೂ-ಳ-ಬೇಕು. ನಗು ನಿಂತಿತು. ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದು ಹುಡುಗಿಯ ಹಿಂದೆ ಬಂದು ನಿಂತು, ರುಮಾಲು ಬೀಳುವಷ್ಟು ಕತ್ತು ಓರೆ ಮಾಡಿ ನೋಡಿದರು. ಕೈ ಚಾಚಿ ನಡುವಿನ ಒಂದು ಹಾಳೆ ತೆರೆದರು. ಅವಳು ಅದನ್ನೂ ಓದಿದಳು, ಅಷ್ಟೇ ನಿಧಾನವಾಗಿ, ಅಷ್ಟೇ ಹಟದಿಂದ.

‘ಇದು ಹೇಗಾಯಿತು?’ ಎಂದು ಕೇಳಿದರು.

ಪುಟ್ಟತಾಯಮ್ಮ ಹೇಳಿದಳು. ಪೀಠ ತೋರಿಸಿದಳು, ಮರಳು ತೋರಿಸಿದಳು, ತಾನು ಕೂರುವ ಜಾಗ ತೋರಿಸಿದಳು. ಚಾವಡಿಯ ಗಂಡಸರ ಮುಂದೆಯೇ ಹೇಳಿದಳು. ‘ಎರಡು ವರ್ಷ ಪುಸ್ತಕ ನನ್ನ ಕಡೆ ಇಟ್ಟುಕೊಂಡೆ. ತಪ್ಪು ನನ್ನದು. ಓದು ಮಾತ್ರ ಅವರದು, ಅದನ್ನ ಇಲ್ಲ ಅಂತ ಬರೀಬೇಡಿ.’

ಇನ್ಸ್‌ಪೆಕ್ಟರು ಹಿಂದಿರುಗಿ ಹೋಗಿ ಕುರ್ಚಿಯಲ್ಲಿ ಕೂತರು. ‘ನೆಟ್ಟಗೆ ಪುಸ್ತಕ ಹಿಡಿದು ಬಾಯಿಪಾಠ ಒಪ್ಪಿಸಿದ ಮಕ್ಕಳಿಗೆಲ್ಲ ಪಾಸು ಹಾಕಿ ಬಂದಿದ್ದೀನಿ ನಾನು’ ಎಂದರು, ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ. ಆಮೇಲೆ ಅಧಿಕಾರದ ದನಿ ತಂದುಕೊಂಡರು. ‘ಹೀಗೇ ಬಿಡೋಕಾಗಲ್ಲ. ಸಂಕ್ರಾಂತಿ ಕಳೆದ ಮೇಲೆ ನಾನೇ ಬರ್ತೀನಿ. ಅಷ್ಟರಲ್ಲಿ ಎಲ್ಲರೂ ಲೋಕ ಓದುವ ಹಾಗೆ ಓದಬೇಕು. ಓದಿದರೆ ತರಗತಿ ಇರುತ್ತೆ. ಇಲ್ಲದಿದ್ದರೆ ನಾನು ಏನೂ ಮಾಡೋ ಹಾಗಿಲ್ಲ.’ ಪುಸ್ತಿಕೆಯನ್ನು ವಾಪಸು ಕೇಳಲಿಲ್ಲ. ಚಲುವಯ್ಯ ಕುರ್ಚಿ ಹೊರಿಸಿಕೊಂಡು ಹೋಗುವಾಗ ಅವಳ ಕಡೆ ನೋಡಲಿಲ್ಲ.

ಮಗಳನ್ನು ಕರೆದೊಯ್ಯಲು ಬಂದ ಬೆಟ್ಟಮ್ಮ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಳು. ವಿಷಯವೆಲ್ಲ ಆಗಲೇ ಊರಿಗೆ ಹರಡಿತ್ತು. ‘ನನ್ ಮಗ್ಳು ಇರಾಬರಾದೆಲ್ಲ ತಲೆಕೆಳಗು ಕಲ್ತವ್ಳಂತಲ್ಲವ್ವ. ಮೊದ್ಲಿಂದ ಕಲ್ತ್ಕಬೇಕಾ?’

‘ಮೊದಲಿಂದಲೇ’ ಎಂದಳು ಪುಟ್ಟತಾಯಮ್ಮ. ‘ಕಳಿಸ್ತೀಯಾ?’

ಬೆಟ್ಟಮ್ಮ ಮಗಳನ್ನು ನೋಡಿದಳು, ಇವಳನ್ನು ನೋಡಿದಳು. ‘ಎಲ್ರೆದ್ರುಗೆ ತಪ್ಪು ನಂದೇ ಅಂದ್ರಂತೆ. ನಮ್ಮೂರ್ ಗಂಡಸ್ರು ಒಬ್ರೂ ಅಂಗ್ ಅಂದಿದ್ ನಾ ಕೇಳಿಲ್ಲ. ಕಳಿಸ್ದೆ ಏನ್ ಮಾಡ್ಲಿ ಬುಡಿ.’

ಸಂಕ್ರಾಂತಿಯವರೆಗೆ ಕಾಯುವಂತಿರಲಿಲ್ಲ, ನಾಳೆಯವರೆಗೂ ಅಲ್ಲ. ಪುಟ್ಟತಾಯಮ್ಮ ಎಲ್ಲ ಹುಡುಗಿಯರನ್ನೂ ಹೊಳೆಗೆ ಕಳಿಸಿ ಕೈ ತೊಳೆದುಕೊಂಡು ಬರಹೇಳಿದಳು. ವಾಚಕವನ್ನು ಪೀಠದಿಂದ ತೆಗೆದು ಬೈರಿಯ ಮಡಿಲಲ್ಲಿ ಇಟ್ಟಳು. ಆಮೇಲೆ ತನ್ನ ಜಾಗಕ್ಕೆ ಹೋಗದೆ, ಸೀರೆ ಒಟ್ಟು ಮಾಡಿಕೊಂಡು, ಬೈರಿಗೂ ಚಿಕ್ಕಬೋರಮ್ಮನಿಗೂ ನಡುವೆ ನೆಲದ ಮೇಲೆ ಕೂತಳು. ಹುಡುಗಿಯರು ಸರಿದು ಜಾಗ ಮಾಡಿದರು. ಅವರ ಮೈಯಿಂದ ಹರಳೆಣ್ಣೆಯ, ಹಸಿಹುಲ್ಲಿನ ವಾಸನೆ ಬರುತ್ತಿತ್ತು. ಇಷ್ಟು ಹತ್ತಿರ ಅವಳು ಎಂದೂ ಕೂತಿರಲಿಲ್ಲ. ಅಕ್ಷರವನ್ನು ತಿರುಗಿಸುವುದಕ್ಕೆ ಮೊದಲು ಅದು ಇವರ ಕಣ್ಣಿಗೆ ಹೇಗೆ ಬಿದ್ದಿದೆ ಎಂದು ತಿಳಿಯಬೇಕು, ತಿಳಿಯದೆ ಯಾವುದನ್ನು ತಿರುಗಿಸುವುದು? ‘ನೀವು ಓದೋ ಹಾಗೆ ಹಿಡಿ’ ಎಂದಳು. ಬೈರಿ ಪುಸ್ತಕ ತಲೆಕೆಳಗು ಮಾಡಿ ಇಬ್ಬರ ನಡುವೆ ಹಿಡಿದಳು.

ಪುಟ್ಟತಾಯಮ್ಮನಿಗೆ ಏನೂ ತಿಳಿಯಲಿಲ್ಲ. ಎಷ್ಟು ಸಲ ಓದಿಸಿದ ಹಾಳೆ ಅದು. ಈಗ ಸುಮ್ಮನೆ ಕಪ್ಪು ಗೀಟು, ಸುರುಳಿ, ಕೊಕ್ಕೆ. ಒಂದರ ಮೇಲೆ ಬೆರಳಿಟ್ಟಳು, ಇದು ದ ಇರಬೇಕು ಎಂದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಬೋರಮ್ಮ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು, ಪುಟ್ಟತಾಯಮ್ಮನೂ ನಕ್ಕಳು. ಈ ಸಲ ಯಾಕೆ ನಗುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೈರಿ ಮಾತ್ರ ಗಂಭೀರವಾಗಿದ್ದಳು. ಪುಟ್ಟತಾಯಮ್ಮನ ಬೆರಳನ್ನು ತನ್ನ ಒದ್ದೆ ಕೈಯಲ್ಲಿ ಹಿಡಿದು, ಹಾಳೆಯ ತಳದ ಬಲತುದಿಗೆ ಎಳೆದು ತಂದು ಇಟ್ಟಳು.

‘ಅಲ್ಲ ಮೇಸ್ಟ್ರಮ್ಮ. ಬಿರ್ರನೆ ಹೇಳ್ಬ್ಯಾಡಿ, ಸರ್ಯಾಗ್ ನೋಡಿ. ಇದ್ಯಾವ್ದು?’

ಅವಳು ಸರಿಯಾಗಿ ನೋಡಿದಳು.